ಎಲುಬಿನ ಪುಡಿ ಯಾವುದರದು?

ಹಲ್ಲು ಕಿತ್ತ ಜಾಗೆಯಲ್ಲಿ ದವಡೆಯ ಎಲುಬು ಇದ್ದಂತೆ ಇರುವದಿಲ್ಲ. ವರ್ಷದೊಳಗೆ ಅದರ ಅಗಲವು ಹೆಚ್ಚುಕಡಿಮೆ ಅರ್ಧದಷ್ಟು ಕರಗುತ್ತದೆ, ಅದರಲ್ಲಿಯೂ ಬಹುಭಾಗವು ಮೊದಲಿನ ಮೂರೇ ತಿಂಗಳಲ್ಲಿ. ಆಮೇಲೆ ಟೈಟೇನಿಯಮ್ ಬೇರನ್ನು ನೆಡಬೇಕೆಂದರೆ ಅದಕ್ಕೆ ನೆಲೆಯೇ ಸಾಲದು. ಆದುದರಿಂದ ವೈದ್ಯರು ಅಲ್ಲಿ ಎಲುಬಿನ ಪುಡಿಯನ್ನು ತುಂಬುತ್ತಾರೆ. ಅದು ರೋಗಿಯ ಸ್ವಂತ ಎಲುಬಾಗಿರಬಹುದು. ದಾನವಾಗಿ ಬಂದ ಮನುಷ್ಯರದು, ದನದ್ದು, ಹಂದಿಯದು ಆಗಿರಬಹುದು. ಇಲ್ಲವೆ ಹೈಡ್ರಾಕ್ಸಿಅಪಟೈಟ್, ಟ್ರೈಕ್ಯಾಲ್ಸಿಯಮ್ ಫಾಸ್ಫೇಟ್ ಮೊದಲಾದ ಕೃತ್ರಿಮ ವಸ್ತುವಾಗಿರಬಹುದು. ಪ್ರಾಣಿಯ ಎಲುಬನ್ನು ಸಂಸ್ಕರಿಸಿ ಉಳಿಸುವದು ಹಂದರವನ್ನು ಮಾತ್ರ. ಅದರ ಮೇಲೆ ಹಬ್ಬುವ ಹೊಸ ಎಲುಬು ರೋಗಿಯದೇ. ವೈದ್ಯಶಾಸ್ತ್ರದ ದೃಷ್ಟಿಯಿಂದ ಇದರಲ್ಲಿ ಆಕ್ಷೇಪಿಸತಕ್ಕದ್ದೇನೂ ಇಲ್ಲ.

ಆದರೆ ಶಾಸ್ತ್ರವು ಒಪ್ಪಿದ ಮಾತ್ರಕ್ಕೆ ರೋಗಿಯೂ ಒಪ್ಪಿದಂತಾಯಿತೆ? ತಾರಿಹಾಳದ ಕಾರಖಾನೆಯ ಕೆಲಸಗಾರನು ಲಿಂಗಾಯತನಿರಲಿ, ಜೈನನಿರಲಿ, ಮುಸಲ್ಮಾನನಿರಲಿ, ತನ್ನ ದವಡೆಯಲ್ಲಿ ಸೇರುವದು ಯಾವ ಪ್ರಾಣಿಯದೆಂದು ತಿಳಿಯಲು ಅಧಿಕಾರವುಳ್ಳವನು. ಅರಿಯದ ಇಂಗ್ಲಿಷಿನ ಒಪ್ಪಿಗೆಪತ್ರದ ಮೇಲೆ ಹಾಕಿಸಿಕೊಂಡ ಸಹಿಗೆ ನಾವು ಬೆಲೆ ಕೊಡಲಾರೆವು. ಪತ್ರವು ಕನ್ನಡದಲ್ಲಿರಲಿ; ವಸ್ತುವಿನ ಮೂಲ, ಅದರ ಬೆಲೆ, ಬೇಡವೆಂದರೆ ಸಿಗುವ ಬದಲಿ ವಸ್ತು, ಇವಿಷ್ಟನ್ನು ಸ್ಪಷ್ಟವಾಗಿ ಬರೆದಿರಲಿ. 1986ರಿಂದ ದಂತವೈದ್ಯರನ್ನು ತಯಾರಿಸುತ್ತಿರುವ ಸತ್ತೂರಿನ ಧರ್ಮಸ್ಥಳ ಮಂಜುನಾಥೇಶ್ವರ ಮಹಾವಿದ್ಯಾಲಯವು ಇಂಥ ಮಾದರಿ ಪತ್ರವೊಂದನ್ನು ರಚಿಸಿದರೆ ಅವಳಿನಗರದ ಖಾಸಗಿ ವೈದ್ಯರಿಗೂ ಅದು ಅನುಕೂಲವಾದೀತು.