ಸೈಕಲ್ಲಿಗೆ ಕಾರಿನ ದಾರಿ ಯಾಕೆ?

ಮಳೆಗಾಲ ಮುಗೀತು ಅಂದ್ರೆ ಬೆಂಗಳೂರಿನ ಐಟಿ ಕಂಪನಿಗಳ ಸೈಕಲ್ ಗುಂಪುಗಳಲ್ಲಿ ಒಂದೇ ಮಾತು. ಈ ಸಲ ಗೋವಾ, ಈ ಸಲ ಮಂಗಳೂರು, ಈ ಸಲ ಕನ್ಯಾಕುಮಾರಿ. ದಾರಿ ಯಾವುದಪ್ಪಾ ಅಂತ ಕೇಳಿ ನೋಡಿ, ಉತ್ತರವೂ ಒಂದೇ. ಹೈವೇ. ಫೋನಿನಲ್ಲಿ ಎರಡು ಊರಿನ ಹೆಸರು ಒತ್ತುತ್ತಾರೆ, ನೀಲಿ ಗೆರೆ ಮೂಡುತ್ತೆ, ಅದನ್ನು ದಿನಕ್ಕೆ 150 ಕಿಲೋಮೀಟರಿನಂತೆ ತುಂಡು ಮಾಡ್ತಾರೆ, ತುಂಡಾದ ಜಾಗದಲ್ಲಿ ಲಾಡ್ಜ್ ಬುಕ್ ಮಾಡ್ತಾರೆ. ಸೈಕಲ್ ಕೊಳ್ಳೋಕೆ ಮುಂಚೆ ತಿಂಗಳುಗಟ್ಟಲೆ ರಿವ್ಯೂ ಓದಿದವರು ದಾರಿಗೆ ಐದು ನಿಮಿಷ ಕೊಡಲ್ಲ.

ನನ್ನ ತಕರಾರು ಸರಳ. ಆ ನೀಲಿ ಗೆರೆ ಕಾರಿನದು. ಅದನ್ನು ತಂದು ಸೈಕಲ್ಲಿಗೆ ಅಂಟಿಸಿಕೊಂಡರೆ ಅದು ಪ್ರವಾಸ ಆಗಲ್ಲ, ಲಾರಿಗಳ ಪಕ್ಕದಲ್ಲಿ ಜೀವ ಕೈಯಲ್ಲಿ ಹಿಡ್ಕೊಂಡು ಮಾಡೋ ಕೂಲಿ ಆಗುತ್ತೆ. ಹೀಗಂದ್ರೆ "ನೀನು ಹಳ್ಳಿಯವನು ಮಾರಾಯ, ನಿಂಗೆ ಆ ಒಳರಸ್ತೆಗಳು ಗೊತ್ತು, ನಮಗೆ ಹೇಗೆ ಗೊತ್ತಾಗ್ಬೇಕು?" ಅಂತಾರೆ. ಗೊತ್ತು ಮಾಡ್ಕೊಳ್ಳೋದಕ್ಕೇ ಅಲ್ವಾ ಸ್ವಾಮಿ ಪ್ಲಾನಿಂಗ್ ಅನ್ನೋದು?

ನಮ್ಮ ಕಸುಬಿನ ಮಾತಲ್ಲೇ ಹೇಳ್ತೀನಿ. ಎರಡು ಊರಿನ ನಡುವೆ ಹತ್ತಿರದ ದಾರಿ ಹುಡುಕೋ ಲೆಕ್ಕ ಡೈಕ್‌ಸ್ಟ್ರಾ ಅನ್ನೋ ಡಚ್ ವಿಜ್ಞಾನಿಗೆ 1956ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಒಂದು ಹೋಟೆಲಿನಲ್ಲಿ ಕಾಫಿ ಕುಡಿಯುವಾಗ ಹೊಳೆದದ್ದು. 1959ರಲ್ಲಿ ಪ್ರಕಟ ಆಯ್ತು. ಬಿಇ ಮಾಡಿದವರೆಲ್ಲ ಪರೀಕ್ಷೆಗೆ ಅದನ್ನು ಬಾಯಿಪಾಠ ಹೊಡೆದವರೇ. ಅದರಲ್ಲಿ ಪ್ರತಿ ರಸ್ತೆ ತುಂಡಿಗೂ ಒಂದು ಖರ್ಚು ಹಚ್ಚಬೇಕು, ಒಟ್ಟು ಖರ್ಚು ಕಮ್ಮಿ ಬರೋ ದಾರಿಯನ್ನು ಅದು ಹುಡುಕಿಕೊಡುತ್ತೆ. ಖರ್ಚು ಅಂದರೆ ಏನು ಅಂತ ಆ ಲೆಕ್ಕಕ್ಕೆ ಗೊತ್ತಿಲ್ಲ. ನಾವು ಹೇಳಿಕೊಡಬೇಕು. ಕಾರಿನ ನಕ್ಷೆಯಲ್ಲಿ ಖರ್ಚು ಅಂದ್ರೆ ನಿಮಿಷ. ಗೂಗಲ್ ಮ್ಯಾಪ್ಸ್ 2017ರಲ್ಲಿ ನಮ್ಮ ದೇಶಕ್ಕೆ ಅಂತ ಬೈಕಿನ ಮೋಡ್ ಕೊಟ್ಟಿತು. ಅದು ಒಂದಿಷ್ಟು ಸಂದಿಗೊಂದಿ ತೋರಿಸುತ್ತೆ ನಿಜ, ಆದ್ರೆ ಎಣಿಸೋದು ಇಂಜಿನ್ನಿನ ನಿಮಿಷವನ್ನೇ. ಪೆಡಲ್ ತುಳಿಯೋವನ ಖರ್ಚಿನ ಪಟ್ಟಿಯೇ ಬೇರೆ. ಏರು, ಎದುರುಗಾಳಿ, ನೆತ್ತಿ ಮೇಲಿನ ಬಿಸಿಲು, ನೀರು ಸಿಗದ ಇಪ್ಪತ್ತು ಕಿಲೋಮೀಟರು, ಬೆನ್ನ ಹಿಂದೆ ಕೇಳೋ ಹಾರನ್ನು.

ಈಗ ಹೆದ್ದಾರಿ ಪರ ವಾದ. ಹೈವೇನಲ್ಲಿ ಟಾರು ನುಣುಪಾಗಿರುತ್ತೆ, ಬದಿಯಲ್ಲಿ ಪಟ್ಟಿ ಇರುತ್ತೆ, ಏನಾದ್ರೂ ಆದ್ರೆ ಆಂಬುಲೆನ್ಸ್ ಬೇಗ ಬರುತ್ತೆ, ಆದ್ದರಿಂದ ಅದೇ ಸುರಕ್ಷಿತ ಅಂತ. ಕೇಂದ್ರ ಸಾರಿಗೆ ಸಚಿವಾಲಯದ 2022ರ ವರದಿ ತೆಗೆದು ನೋಡಿ. ಆ ವರ್ಷ ದೇಶದಲ್ಲಿ ರಸ್ತೆ ಅಪಘಾತಕ್ಕೆ ಸತ್ತವರು 1,68,491 ಜನ. ಒಟ್ಟು ರಸ್ತೆಯ ಉದ್ದದಲ್ಲಿ ರಾಷ್ಟ್ರೀಯ ಹೆದ್ದಾರಿ ಸುಮಾರು ಶೇಕಡ 2 ಮಾತ್ರ. ಸಾವಿನಲ್ಲಿ ಅದರ ಪಾಲು ಶೇಕಡ 36. "ಹೆದ್ದಾರಿಯಲ್ಲಿ ಗಾಡಿಯೂ ಜಾಸ್ತಿ ಅಲ್ವಾ, ಗಾಡಿಯ ಲೆಕ್ಕದಲ್ಲಿ ನೋಡ್ಬೇಕು" ಅಂತ ಯಾರಾದ್ರೂ ಕೈ ಎತ್ತುತ್ತಾರೆ. ಒಪ್ಪಿದೆ. ಆದ್ರೆ ನಾನು ಗಾಡಿ ಅಲ್ಲ. ನನ್ನ ಪಕ್ಕದಿಂದ ಗಂಟೆಗೆ ಎಷ್ಟು ಗಾಡಿ, ಎಷ್ಟು ವೇಗದಲ್ಲಿ ಹಾದುಹೋಗುತ್ತೆ ಅನ್ನೋದಷ್ಟೇ ನನಗೆ ಲೆಕ್ಕ. ಇನ್ನು ಆ ಬದಿಯ ಪಟ್ಟಿ! ಅದರಲ್ಲಿ ಕೆಟ್ಟು ನಿಂತ ಲಾರಿ, ಎದುರಿನಿಂದ ರಾಂಗ್ ಸೈಡಲ್ಲಿ ಬರೋ ಬೈಕು, ಒಣಗಲು ಹರವಿದ ರಾಗಿ, ಟೈರಿನ ತಂತಿ ಚೂರು ಎಲ್ಲಾ ಇರುತ್ತೆ, ಸೈಕಲ್ಲಿಗೆ ಜಾಗ ಒಂದು ಬಿಟ್ಟು. ತಂತಿ ಚುಚ್ಚಿ ಪಂಕ್ಚರ್ ಆದವರನ್ನು ಕೇಳಿ, ಎಲ್ಲಿ ಆಯ್ತು ಅಂತ.

ಅದಲ್ಲದೆ ಹೆದ್ದಾರಿಯವರು ನಮ್ಮನ್ನು ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಶುರು ಮಾಡಿದ್ದಾರೆ. 118 ಕಿಲೋಮೀಟರಿನ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರು, ಜೊತೆಗೆ ಇಂಜಿನ್ನಿಲ್ಲದ ಗಾಡಿಗಳೆಲ್ಲ ನಿಷೇಧ. ಆಗ ನನ್ನ ಕಿವಿಗೆ ಬಿದ್ದ ಗೊಣಗಾಟ ಏನು ಗೊತ್ತಾ? "ನಮ್ಮ ಭಾನುವಾರದ ಪ್ರಾಕ್ಟೀಸ್ ರೋಡ್ ಹೋಯ್ತು." ಹುಲ್ಲಿನ ಹೊರೆ ಕ್ಯಾರಿಯರಿಗೆ ಕಟ್ಕೊಂಡು ಆಚೆ ಬದಿಯ ಗದ್ದೆಯಿಂದ ಮನೆಗೆ ಬರೋ ಮಂಡ್ಯದ ರೈತನೂ ಸೈಕಲ್ಲಿನವನೇ ಅನ್ನೋದು ಈ ಗೊಣಗಾಟದಲ್ಲಿ ಎಲ್ಲೂ ಇರಲಿಲ್ಲ. ಅವನಿಗೆ ಮೊದಲಿಂದಲೂ ಗೊತ್ತು, ಇದು ನನ್ನ ರಸ್ತೆ ಅಲ್ಲ ಅಂತ. ಅವನು ಅಂಡರ್‌ಪಾಸ್ ಹುಡುಕ್ತಾನೆ, ಕಾಲುವೆ ಏರಿ ಹಿಡೀತಾನೆ. ನಾವು ಬೋರ್ಡ್ ನೋಡಿದ ಮೇಲೂ ಸರ್ವಿಸ್ ರಸ್ತೆಯಲ್ಲಿ ಜೋತುಬಿದ್ದಿದ್ದೇವೆ. ಮೈಸೂರಿಗೆ ಹೋಗೋಕೆ ಕನಕಪುರ, ಹಲಗೂರು, ಮಳವಳ್ಳಿ, ಬನ್ನೂರು ಅಂತ ಇನ್ನೊಂದು ದಾರಿ ಇದೆ. ಸ್ವಲ್ಪ ಸುತ್ತು. ಬನ್ನೂರು ಕಡೆಯ ನಾಲೆ, ಕಬ್ಬು, ಬೆಲ್ಲದ ವಾಸನೆ ಆ ಸುತ್ತಿಗೆ ಸಿಗೋ ಬಡ್ಡಿ.

ಹಳೇ ಮೈಸೂರು ಸೀಮೆಯ ನಕ್ಷೆಯನ್ನು ಒಂದ್ಸಲ ಹೆದ್ದಾರಿಗಳನ್ನು ಅಳಿಸಿ ನೋಡಿ. ತಾಲ್ಲೂಕು ಕೇಂದ್ರಗಳು ಒಂದರಿಂದ ಒಂದಕ್ಕೆ 25ರಿಂದ 40 ಕಿಲೋಮೀಟರ್ ಅಂತರದಲ್ಲಿ ಕಾಳು ಚೆಲ್ಲಿದ ಹಾಗೆ ಬಿದ್ದಿವೆ. ಎತ್ತಿನ ಗಾಡಿ, ಕುದುರೆ ಕಾಲದ ದೂರ ಅದು. ಸೈಕಲ್ಲಿಗೆ ಅಳತೆ ತಗೊಂಡು ಹೊಲಿದ ಹಾಗಿದೆ. ಬೆಳಗ್ಗೆ ಒಂದು ತಾಲ್ಲೂಕಿನಲ್ಲಿ ಇಡ್ಲಿ, ಮಧ್ಯಾಹ್ನ ಇನ್ನೊಂದರಲ್ಲಿ ಊಟ, ಸಂಜೆ ಮೂರನೆಯದರಲ್ಲಿ ರೂಮು. ಪ್ರತಿ ತಾಲ್ಲೂಕಿನಲ್ಲೂ ಸರ್ಕಾರಿ ಆಸ್ಪತ್ರೆ ಇದೆ, ಬಸ್ ಸ್ಟ್ಯಾಂಡ್ ಇದೆ, ಸೈಕಲ್ ಶಾಪ್ ಇದೆ. ಆಂಬುಲೆನ್ಸಿನ ವಾದಕ್ಕೆ ಇಲ್ಲೇ ಉತ್ತರ ಸಿಕ್ತು.

ಬೆಂಗಳೂರಿಂದ ಉಡುಪಿಗೆ ಹೋಗಬೇಕು ಅನ್ನೋಣ. ನೀಲಿ ಗೆರೆ ಕುಣಿಗಲ್, ಹಾಸನ, ಶಿರಾಡಿ ಅನ್ನುತ್ತೆ. ಶಿರಾಡಿಯಲ್ಲಿ ಟ್ಯಾಂಕರುಗಳ ಜೊತೆ ಘಟ್ಟ ಇಳಿಯೋದು ಶತ್ರುವಿಗೂ ಬೇಡ. ನಾನು ಹೋಗೋದು ಹೀಗೆ: ಮಾಗಡಿ, ಕುಣಿಗಲ್, ತುರುವೇಕೆರೆ, ನೊಣವಿನಕೆರೆ, ತಿಪಟೂರು. ತುರುವೇಕೆರೆಯಿಂದ ಮುಂದೆ ಎರಡೂ ಕಡೆ ತೆಂಗಿನ ತೋಟ, ಹತ್ತು ಗಂಟೆ ಬಿಸಿಲಲ್ಲೂ ರಸ್ತೆ ಮೇಲೆ ಗರಿಯ ನೆರಳು. ತಿಪಟೂರಿಂದ ಅರಸೀಕೆರೆಗೆ ಸುಮಾರು 25 ಕಿಲೋಮೀಟರ್ ಹೆದ್ದಾರಿ ತಪ್ಪಿದ್ದಲ್ಲ, ಬೆಳಗಿನ ಜಾವ ಎದ್ದು ಮುಗಿಸಿಬಿಡ್ತೀನಿ. ಈ ಎರಡೂ ಊರಲ್ಲಿ ರೈಲ್ವೆ ಸ್ಟೇಷನ್ ಇದೆ ಅನ್ನೋದನ್ನೂ ಗುರುತು ಹಾಕಿಟ್ಕೊಂಡಿರ್ತೀನಿ. ಮಂಡಿ ಕೈಕೊಟ್ಟರೆ ಸೈಕಲ್ಲನ್ನು ಲಗೇಜಿಗೆ ಹಾಕಿ ವಾಪಸ್ ಬರಬಹುದು. ಅಲ್ಲಿಂದ ಜಾವಗಲ್, ಬೆಳವಾಡಿ, ಚಿಕ್ಕಮಗಳೂರು. ಬೆಳವಾಡಿಯಲ್ಲಿ ಹೊಯ್ಸಳರ ವೀರನಾರಾಯಣ ದೇವಸ್ಥಾನ ರಸ್ತೆ ಪಕ್ಕದಲ್ಲೇ ಇದೆ, ಆ ತಣ್ಣನೆ ಕಲ್ಲಿನ ಮೇಲೆ ಅರ್ಧ ಗಂಟೆ ಕೂತರೆ ಯಾವ ಎನರ್ಜಿ ಜೆಲ್ಲೂ ಬೇಡ. ಆಮೇಲೆ ಆಲ್ದೂರು, ಬಾಳೆಹೊನ್ನೂರು, ಶೃಂಗೇರಿ, ಆಗುಂಬೆ. ಹದಿನಾಲ್ಕು ತಿರುವು ಇಳಿದರೆ ಸೋಮೇಶ್ವರ, ಹೆಬ್ರಿ, ಉಡುಪಿ. ಆಗುಂಬೆ ಘಾಟಿಯಲ್ಲಿ ಭಾರಿ ಲಾರಿಗಳಿಗೆ ಪ್ರವೇಶ ಇಲ್ಲ. ಇದೊಂದೇ ಕಾರಣ ಸಾಕು.

"ಎಷ್ಟು ದಿನ?" ಅಂತಾರೆ. ಐದು. "ನಾವು ಮೂರೇ ದಿನದಲ್ಲಿ ಮಾಡಿದ್ವಲ್ಲ!" ಮಾಡಿರ್ತೀರಿ. 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸೋ ಬ್ರೆವೆಗಳೇ ಇವೆ, ಅದು ಆಟ, ಅದಕ್ಕೆ ನನ್ನದೇನೂ ತಕರಾರಿಲ್ಲ. ಆ ಗಡಿಯಾರವನ್ನು ಪ್ರವಾಸಕ್ಕೆ ಕಟ್ಕೊಂಡು ಬರಬೇಡಿ ಅನ್ನೋದಷ್ಟೇ. ಕಿಲೋಮೀಟರ್ ಅನ್ನೋದು ಸೈಕಲ್ಲಿಗೆ ಅರ್ಧ ಸತ್ಯ. ಆಳು, ಸೈಕಲ್, ಚೀಲ ಸೇರಿ 90 ಕೆಜಿ ಅಂತಿಟ್ಕೊಳ್ಳಿ. ಸೋಮೇಶ್ವರದಿಂದ ಆಗುಂಬೆಗೆ ಸುಮಾರು 500 ಮೀಟರ್ ಎತ್ತರ. ನಮ್ಮ ನಿಮ್ಮಂಥವರ ಕಾಲು ಗಂಟೆಗಟ್ಟಲೆ ಕೊಡಬಲ್ಲ ಶಕ್ತಿ 100 ವ್ಯಾಟ್ ಅಂದ್ರೆ, ಬರೀ ಆ ಭಾರ ಎತ್ತೋಕೇ ಒಂದೂಕಾಲು ಗಂಟೆ ಬೇಕು. ಅದೇ ಒಂದೂಕಾಲು ಗಂಟೆಯಲ್ಲಿ ಬಯಲಿನಲ್ಲಿ 20 ಕಿಲೋಮೀಟರ್ ದಾಟಿರ್ತೀರಿ. ಹಾಗಾಗಿ ಘಟ್ಟ ಹತ್ತೋ ದಿನಕ್ಕೆ 60 ಕಿಲೋಮೀಟರ್ ಸಾಕೋ ಸಾಕು.

ಹಾಗಂತ ಆಪ್ ತೋರಿಸೋ ಏರಿನ ಚಿತ್ರವನ್ನೂ ಕಣ್ಣು ಮುಚ್ಕೊಂಡು ನಂಬಬೇಡಿ. ಎಷ್ಟೋ ಆಪ್‌ಗಳ ಎತ್ತರದ ಮಾಹಿತಿ 2000ದ ಫೆಬ್ರವರಿಯಲ್ಲಿ ನಾಸಾದ ಎಂಡೆವರ್ ನೌಕೆ 11 ದಿನ ಭೂಮಿ ಸುತ್ತಿ ರೇಡಾರಿನಿಂದ ಅಳೆದದ್ದು. ಸುಮಾರು 30 ಮೀಟರಿಗೊಂದು ಚೌಕ. ಮಲೆನಾಡಿನ ಕಾಡಲ್ಲಿ ಆ ರೇಡಾರಿಗೆ ಕಂಡದ್ದು ಹೆಚ್ಚಾಗಿ ಮರದ ತಲೆ, ನೆಲ ಅಲ್ಲ. ಗುಡ್ಡ ಕಡಿದು ಮಾಡಿದ ರಸ್ತೆಯಲ್ಲಿ ಒಂದು ಚೌಕ ಮೇಲಿನ ಗುಡ್ಡಕ್ಕೆ, ಇನ್ನೊಂದು ಕೆಳಗಿನ ಕಣಿವೆಗೆ ಸೇರಿಬಿಡುತ್ತೆ. ನಿಜವಾಗಿ ನುಣ್ಣಗೆ ಸಾಗೋ ರಸ್ತೆ ಪರದೆ ಮೇಲೆ ಗರಗಸದ ಹಲ್ಲಿನಂತೆ ಕಾಣುತ್ತೆ, ಒಟ್ಟು ಏರು ಸುಮ್ಮನೆ ಉಬ್ಬುತ್ತೆ. ಅದನ್ನು ನೋಡಿ ಹೆದರಿ ಮತ್ತೆ ಹೈವೇಗೆ ಓಡಿದವರನ್ನು ಕಂಡಿದ್ದೇನೆ.

ಗಾಳಿಯನ್ನಂತೂ ಯಾರೂ ಲೆಕ್ಕಕ್ಕೇ ಹಿಡಿಯಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಬಯಲುಸೀಮೆಯಲ್ಲಿ ಪಶ್ಚಿಮದ ಗಾಳಿ. ಚಿತ್ರದುರ್ಗ, ಗದಗದ ಗುಡ್ಡಗಳ ಮೇಲೆ ಅಷ್ಟು ಗಾಳಿಯಂತ್ರ ಸುಮ್ಮನೆ ನೆಟ್ಟಿಲ್ಲ. ನೀವು ಗಂಟೆಗೆ 18 ಕಿಲೋಮೀಟರ್ ವೇಗದಲ್ಲಿ ಹೋಗ್ತಿದ್ದೀರಿ, ಎದುರಿನಿಂದ ಅಷ್ಟೇ ವೇಗದ ಗಾಳಿ ಬಂತು ಅಂದ್ರೆ ಮೈಗೆ ಬೀಳೋ ಗಾಳಿಯ ತಡೆ ಎರಡರಷ್ಟಲ್ಲ, ನಾಲ್ಕರಷ್ಟು. ಡಿಸೆಂಬರಿನಲ್ಲಿ ಗಾಳಿ ಪೂರ್ವದಿಂದ, ಆಗ ಕರಾವಳಿಗೆ ಹೊರಟವನನ್ನು ಯಾರೋ ಬೆನ್ನು ತಳ್ಳಿದ ಹಾಗಿರುತ್ತೆ. ತಿಂಗಳು ಬದಲಾಯಿಸೋಕೆ ಆಗದಿದ್ರೆ ದಿಕ್ಕು ಬದಲಾಯಿಸಿ. ಮಂಗಳೂರಿಗೆ ರೈಲಲ್ಲಿ ಹೋಗಿ ಸೈಕಲ್ಲಲ್ಲಿ ಬನ್ನಿ. ರಸ್ತೆ ಅದೇ, ಪ್ರಯಾಣ ಬೇರೆ.

ಒಳರಸ್ತೆ ಚೆನ್ನಾಗಿದೆಯೋ ಇಲ್ವೋ ಅನ್ನೋ ಭಯಕ್ಕೆ ನನ್ನ ಹತ್ರ ಇರೋ ಮದ್ದು ಬಸ್ಸು. ಆ ಊರಿಗೆ ಸರ್ಕಾರಿ ಬಸ್ಸು ಹೋಗುತ್ತೆ ಅಂದ್ರೆ ಸೈಕಲ್ಲೂ ಹೋಗುತ್ತೆ. ನೈಟ್ ಹಾಲ್ಟ್ ಬಸ್ ಇದ್ದರಂತೂ ಊರು ದೊಡ್ಡದು, ಬೆಳಗ್ಗೆ ಆರಕ್ಕೆ ಟೀ ಸಿಗುತ್ತೆ. ಮೈಲಿಗಲ್ಲು ನೋಡಿ. ತಲೆಗೆ ಹಳದಿ ಬಳಿದಿದ್ರೆ ರಾಷ್ಟ್ರೀಯ ಹೆದ್ದಾರಿ, ಹಸಿರು ಇದ್ರೆ ರಾಜ್ಯ ಹೆದ್ದಾರಿ, ಕಿತ್ತಳೆ ಇದ್ರೆ ಗ್ರಾಮ ಸಡಕ್. 2000ದಲ್ಲಿ ಶುರುವಾದ ಈ ಗ್ರಾಮ ಸಡಕ್ ಯೋಜನೆಯ ರಸ್ತೆಗಳಲ್ಲಿ ಕಾಮಗಾರಿ ಮುಗಿದ ದಿನಾಂಕದ ಬೋರ್ಡ್ ಇರುತ್ತೆ, ಐದು ವರ್ಷ ಅದೇ ಗುತ್ತಿಗೆದಾರನೇ ನೋಡ್ಕೋಬೇಕು ಅನ್ನೋ ಕರಾರಿರುತ್ತೆ. ಐದು ವರ್ಷ ತುಂಬದ ಬೋರ್ಡ್ ಕಂಡ್ರೆ ಧೈರ್ಯವಾಗಿ ತಿರುಗಿಸಿ. ತುಂಬಿದ್ರೆ ಟೀ ಅಂಗಡಿಯಲ್ಲಿ ಒಂದು ಮಾತು ಕೇಳಿ. ಕೇಳೋದರಲ್ಲೂ ಒಂದು ಕ್ರಮ ಇದೆ. "ಎಷ್ಟು ದೂರ" ಅಂತ ಕೇಳಿದ್ರೆ "ಇಲ್ಲೇ, ಒಂದೆರಡು ಕಿಲೋಮೀಟ್ರು" ಅಂತಾರೆ, ಅದು ಆರು ಆಗಬಹುದು, ಹನ್ನೊಂದೂ ಆಗಬಹುದು. "ಹಾಲಿನ ಗಾಡಿ ಈ ಕಡೆಯಿಂದ ಬರುತ್ತಾ ಅಣ್ಣಾ?" ಅಂತ ಕೇಳಿ. ಜಾವಗಲ್ ಹತ್ತಿರ ಒಬ್ಬರು ಯಜಮಾನ್ರು ನನಗೆ ಹೇಳಿದ್ದು: "ಆ ಕಡೆ ಬ್ಯಾಡಿ ಸಾ, ಹಳ್ಳದ ಮೋರಿ ಕಿತ್ಕೊಂಡು ಹೋಗಿ ಹದಿನೈದು ದಿನ ಆತು, ಏರಿ ಮೇಲೆ ಹೋಗಿ." ಹದಿನೈದು ದಿನದ ಈ ಸುದ್ದಿ ನನ್ನ ಫೋನಿಗೆ ಬಂದಿರಲಿಲ್ಲ. ಕಾಫಿ ಸೀಮೆಯಲ್ಲಂತೂ ನಕ್ಷೆ ತೋಟದೊಳಗಿನ ಖಾಸಗಿ ರಸ್ತೆಯನ್ನೇ ಊರ ದಾರಿ ಅಂತ ತೋರಿಸಿ ಬೀಗ ಹಾಕಿದ ಗೇಟಿನ ಮುಂದೆ ತಂದು ನಿಲ್ಲಿಸುತ್ತೆ.

ಕಾಡಿನ ವಿಷಯದಲ್ಲಿ ಮಾತ್ರ ನನ್ನ ಒಳರಸ್ತೆ ಭಕ್ತಿ ನಡೆಯಲ್ಲ. ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್ ಅನ್ನೋದು ಎಲ್ಲರಿಗೂ ಗೊತ್ತು. ಹಗಲಲ್ಲೂ ಅಲ್ಲಿ ಸೈಕಲ್ ತುಳಿಯೋ ಹಟ ಬೇಡ. ಆನೆಗೆ ನಿಮ್ಮ ಪ್ಲಾನ್ ಗೊತ್ತಿರಲ್ಲ. ಗುಂಡ್ಲುಪೇಟೆಯಲ್ಲಿ ಗಾಡಿಗೆ ಹಾಕ್ಕೊಂಡು ಕಾಡು ದಾಟಿಸಿ, ಅದರಲ್ಲಿ ನಾಚಿಕೆಯೇನಿಲ್ಲ.

ಕಾರಿನ ಲೆಕ್ಕ ಬೇಡ ಅಂದ್ರೆ ನಮ್ಮ ಲೆಕ್ಕ ನಾವೇ ಬರೆಯಬಹುದು. ಓಪನ್‌ಸ್ಟ್ರೀಟ್‌ಮ್ಯಾಪ್ ಅಂತ ಒಂದಿದೆ, 2004ರಿಂದ ಜನರೇ ಸೇರಿ ಬರೀತಿರೋ ನಕ್ಷೆ. ಅದರ ಮೇಲೆ ಓಡೋ ಬಿರೌಟರ್ ಅನ್ನೋ ತಂತ್ರಾಂಶದಲ್ಲಿ ಯಾವ ರಸ್ತೆಗೆ ಎಷ್ಟು ಖರ್ಚು ಅನ್ನೋದನ್ನು ನಾವೇ ಬರೆದು ಕೊಡಬಹುದು. ಹೆದ್ದಾರಿಗೆ ಹತ್ತು ಪಟ್ಟು ಖರ್ಚು ಹಚ್ಚಿದೆ ನೋಡಿ, ನೀಲಿ ಗೆರೆ ತಾನಾಗಿ ತುರುವೇಕೆರೆ ಕಡೆ ವಾಲಿತು. ತೊಂದರೆ ಇರೋದು ಇನ್ನೊಂದು ಕಡೆ. ರಸ್ತೆ ಟಾರೋ ಜಲ್ಲಿಯೋ ಮಣ್ಣೋ ಅಂತ ಬರೆಯೋಕೆ ಆ ನಕ್ಷೆಯಲ್ಲಿ ಜಾಗ ಇದೆ, ನಮ್ಮ ಹೋಬಳಿಗಳಲ್ಲಿ ಬಹುಪಾಲು ಖಾಲಿ ಬಿದ್ದಿದೆ. ಬೆಂಗಳೂರಿನ ಒಂದೊಂದು ಕಾಫಿ ಶಾಪನ್ನೂ ಗುರುತು ಹಾಕಿದ ಕೈಗಳು ಊರ ಕಡೆ ಹಬ್ಬಕ್ಕೆ ಹೋದಾಗ ಜೇಬಿನಿಂದ ಹೊರಗೆ ಬರಲ್ಲ. ಮೂವತ್ತು ಜನರ ನಮ್ಮ ಟೀಮಿನಲ್ಲಿ ಹನ್ನೆರಡು ಜನ ಹಳ್ಳಿಯಿಂದ ಬಂದವರು. ಹೋದ ದೀಪಾವಳಿಗೆ ಅವರಲ್ಲಿ ನಾಲ್ಕು ಜನರ ಕೈಲಿ ಅವರವರ ಊರಿಂದ ತಾಲ್ಲೂಕಿನವರೆಗಿನ ರಸ್ತೆ ತುಂಬಿಸಿದ್ದೇನೆ, ಹೆಸರು ಕನ್ನಡದಲ್ಲೇ. ನಮ್ಮೂರ ಕೆರೆ ಏರಿ ರಸ್ತೆ ಈಗ ನಕ್ಷೆಯಲ್ಲಿದೆ. ಪಂಕ್ಚರ್ ಅಂಗಡಿ, ಬೋರ್‌ವೆಲ್ಲು, ಅರಳಿಕಟ್ಟೆ ಇನ್ನೂ ಬಾಕಿ.