ಬೆಂಗಳೂರಿಗೆ ಚಿಪ್, ರಾಯಚೂರಿಗೆ ಚಿಪ್ಪು!

ತೀನ್ ಕಂದೀಲ್ ಕಡೆಯ ಕಿರಾಣಿ ಅಂಗಡಿಗಳ ಗಲ್ಲೆಯ ಮೇಲೆ ಒಂದು ಪುಟ್ಟ ಡಬ್ಬಿ ಕೂತಿರುತ್ತದೆ. ಗಿರಾಕಿ ಮೊಬೈಲು ತೋರಿಸಿದ ಕೂಡಲೇ ಇಷ್ಟು ರೂಪಾಯಿ ಜಮಾ ಎಂದು ಕೂಗುತ್ತದೆ. ದೇವದುರ್ಗದ ಬಸ್ಸಿನಲ್ಲಿ ಕಂಡಕ್ಟರ್ ಸಾಹೇಬರ ಕೈಯ ಮಷೀನು ಕರ್ರ್ ಎಂದು ಟಿಕೀಟು ಹೊರಗೆ ನೂಕುತ್ತದೆ. ಎರಡರ ಹೊಟ್ಟೆಯಲ್ಲೂ ಉಗುರಗಲದ ಚಿಪ್ ಇದೆ. ಅದನ್ನು ಮಾಡಿದವರು ಯಾರ್ರೀ ಅಂತ ಕೇಳಿದರೆ ಅಮೆರಿಕ, ಚೀನಾ ಎಂದು ಕೈ ಎತ್ತಿಬಿಡುತ್ತಾರೆ ಮಂದಿ.

ಆದರೆ ಚಿಪ್ ವಿನ್ಯಾಸ ಮಾಡುವ ತಲೆಗಳು ಇದೇ ರಾಜ್ಯದಲ್ಲಿವೆ. 2006ರಲ್ಲಿ ಬೆಂಗಳೂರಿನಲ್ಲಿ ಪರಾಗ್ ನಾಯಕ್, ಹೇಮಂತ ಮಲ್ಲಾಪುರ, ವಿಶ್ವಕುಮಾರ ಕಾಯರ್‌ಗದ್ದೆ ಎಂಬ ಮೂವರು ಎಂಜಿನಿಯರುಗಳು ಸೇರಿ ಸಾಂಖ್ಯ ಲ್ಯಾಬ್ಸ್ ಎಂಬ ಕಂಪನಿ ಕಟ್ಟಿದರು. (ಹೆಸರು ಕೇಳಿ ಮಠವೋ ಪಾಠಶಾಲೆಯೋ ಎಂದುಕೊಂಡವರೂ ಇದ್ದಾರು!) ನಾಯಕ್ ಕಂಪನಿಯ ಯಜಮಾನಿಕೆ ಹೊತ್ತರು, ಮಲ್ಲಾಪುರ ಎಂಜಿನಿಯರಿಂಗ್ ವಿಭಾಗ ನೋಡಿಕೊಂಡರು. ಅವರ ಆಲೋಚನೆ ಸರಳ. ದೇಶಕ್ಕೊಂದು ಬಗೆಯ ಟಿ.ವಿ. ಪ್ರಸಾರ, ಬಗೆಗೊಂದು ಚಿಪ್ ಯಾಕೆ? ಪ್ರೋಗ್ರಾಮ್ ಬದಲಿಸಿದರೆ ಕೆಲಸವನ್ನೂ ಬದಲಿಸುವ ಒಂದೇ ಚಿಪ್ ಸಾಲದೇ?

ಹೇಳುವುದು ಸರಳ, ಮಾಡುವುದು ಕಷ್ಟ. ಚಿಪ್ಪಿನ ಕಸುಬು ದರ್ಜಿಯ ಕಸುಬಿನಂತೆ, ಒಮ್ಮೆ ಕತ್ತರಿ ಆಡಿಸಿದ ಮೇಲೆ ಬಟ್ಟೆ ಮತ್ತೆ ಒಂದಾಗದು. ನಕ್ಷೆ ಕಾರ್ಖಾನೆಗೆ ಹೋದ ಮೇಲೆ ಒಂದು ತಪ್ಪು ಕಂಡರೆ ತಿಂಗಳುಗಟ್ಟಲೆ ಸಮಯ, ಕೋಟಿಗಟ್ಟಲೆ ಹಣ ನೀರಿಗೆ ಹೋಮ. ಅದಕ್ಕೇ ಇಂಥ ಕಂಪನಿಗಳಲ್ಲಿ ನಕ್ಷೆ ಬರೆಯುವವರಿಗಿಂತ ಅದರಲ್ಲಿ ತಪ್ಪು ಹುಡುಕುವವರ ದುಡಿಮೆಯೇ ಹೆಚ್ಚು. ಪೇಪರಿನಲ್ಲಿ ಫೋಟೋ ಬರುವುದು ಯಜಮಾನರದು. ರಾತ್ರಿ ಎರಡು ಗಂಟೆಗೆ ತಪ್ಪು ಹಿಡಿದು ಕಂಪನಿ ಉಳಿಸುವವನು ಹೆಸರಿಲ್ಲದ ಒಬ್ಬ ಹುಡುಗ, ಇಲ್ಲವೇ ಹುಡುಗಿ.

ಹನ್ನೆರಡು ವರ್ಷ ತಾಳಿದ ಮೇಲೆ, 2018ರ ಡಿಸೆಂಬರಿನಲ್ಲಿ, ಆಗಿನ ಟೆಲಿಕಾಂ ಮಂತ್ರಿ ಮನೋಜ್ ಸಿನ್ಹಾ ದಿಲ್ಲಿಯಲ್ಲಿ ಸಾಂಖ್ಯದ ಪೃಥ್ವಿ-3 ಚಿಪ್ ಬಿಡುಗಡೆ ಮಾಡಿದರು. ಅಮೆರಿಕದ ಸಿಂಕ್ಲೇರ್ ಪ್ರಸಾರ ಸಂಸ್ಥೆ ಬೆನ್ನಿಗಿತ್ತು. ವಿನ್ಯಾಸ ಬೆಂಗಳೂರಿನದಾದರೂ ತಯಾರಿ ಸ್ಯಾಮ್‌ಸಂಗ್ ಕಾರ್ಖಾನೆಯಲ್ಲಿ! ಅಂಥ ಕಾರ್ಖಾನೆ ಆಗ ದೇಶದಲ್ಲಿರಲಿಲ್ಲ. 2022ರಲ್ಲಿ, ಅದಾಗಲೇ ಟಾಟಾ ಬಳಗ ಸೇರಿದ್ದ ತೇಜಸ್ ನೆಟ್‌ವರ್ಕ್ಸ್ ಸಾಂಖ್ಯದ ಬಹುಪಾಲು ಷೇರು ಕೊಂಡಿತು. 2010ರಲ್ಲಿ ಹಿಮಾಂಶು ಖಾಸ್ನೀಸ್ ಕಟ್ಟಿದ ಸಿಗ್ನಲ್‌ಚಿಪ್ ಎಂಬ ಇನ್ನೊಂದು ಬೆಂಗಳೂರು ಕಂಪನಿ 2019ರಲ್ಲಿ 4ಜಿ, 5ಜಿ ಚಿಪ್ಪುಗಳನ್ನು ಹೊರತಂದು ಅವಕ್ಕೆ ಆಗುಂಬೆ ಎಂದು ಹೆಸರಿಟ್ಟಿತು. ಮಲೆನಾಡಿನ ಊರಿಗೆ ಆ ಭಾಗ್ಯ. ಮುದಗಲ್ಲು, ಮಸ್ಕಿ ಯಾವಾಗಲೋ?

ಇಲ್ಲೇ ಬಿಸಿಲುನಾಡಿನವರಿಗೆ ಚುರುಕು ಮುಟ್ಟುವುದು. 1985ನೆಯ ಇಸವಿ ನೆನಪು ಮಾಡಿಕೊಳ್ಳಿ. ಆ ವರ್ಷ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿಗೆ ಬಂತು. ಅದರ ಸಾಮಾನು ಎತ್ತಿನ ಗಾಡಿಯಲ್ಲಿ ಸಾಗಿತೆಂಬ ಕಥೆ ಈಗಲೂ ಹೇಳುತ್ತಾರೆ. ಅದೇ ವರ್ಷ ಶಕ್ತಿನಗರದ ಮೊದಲ ಘಟಕ ಹೊಗೆಯುಗುಳಲು ಶುರುಮಾಡಿತು. ಬೆಂಗಳೂರಿಗೆ ಚಿಪ್ ಬಂತು, ಅದಕ್ಕೆ ಬೇಕಾದ ಕರೆಂಟು ರಾಯಚೂರಿನಿಂದ ಹೋಯಿತು. ಬೂದಿ ಮಾತ್ರ ಇಲ್ಲೇ ಉಳಿಯಿತು. ಚಿಪ್ಪಿನೊಳಗೆ ಕೂದಲಿಗಿಂತ ತೆಳ್ಳಗಿನ ಚಿನ್ನದ ತಂತಿ ಬೆಸೆಯುವುದುಂಟು, ಈಚೆಗೆ ತಾಮ್ರವೂ ಬಂದಿದೆ. ಚಿನ್ನ ತೆಗೆಯುವ ಹಟ್ಟಿ ಇರುವುದು ಯಾವ ಜಿಲ್ಲೆಯಲ್ಲಿ ಎಂದು ಯಾರಿಗೂ ಹೇಳಿಕೊಡಬೇಕಿಲ್ಲ.

ಹೋಗಲಿ, ಓದಿನ ಮಾತು ನೋಡೋಣ ಎಂದರೆ ಅಲ್ಲೂ ಚಿಪ್ಪೇ! ನಂಜುಂಡಪ್ಪ ಸಮಿತಿ 2002ರಲ್ಲೇ ರಾಯಚೂರಿಗೆ ಐಐಟಿ ಕೊಡಿ ಎಂದಿತ್ತು. 2016ರಲ್ಲಿ ಅದು ಧಾರವಾಡಕ್ಕೆ ಹೋಯಿತು. ಸಮಾಧಾನಕ್ಕೆ ಐಐಐಟಿ ಸಿಕ್ಕಿತು. 2019ರಲ್ಲಿ ಅದು ಆರಂಭವಾದದ್ದೂ ಹೈದರಾಬಾದ್ ಐಐಟಿಯ ಅಂಗಳದಲ್ಲಿ, ರಾಯಚೂರು ಕಂಡದ್ದು ಆಮೇಲೆ. ಸರಿ, ಬಂತಲ್ಲ. ಒಳಗೆ ಹೋಗುವವರು ಯಾರು? ಜೆಇಇ ರ‍್ಯಾಂಕಿನ ಮೇಲೆ ಇಡೀ ದೇಶದ ಹುಡುಗರು. ಸಂಸ್ಥೆ ಕೇಂದ್ರದ್ದಾದ ಕಾರಣ 371(ಜೆ) ಮೀಸಲಾತಿ ಅದರ ಗೇಟಿನ ಹೊರಗೇ ನಿಲ್ಲುತ್ತದೆ.

ದೂರದ ಹುಡುಗರು ಬರಬಾರದು ಎಂದು ಯಾರೂ ಹೇಳುತ್ತಿಲ್ಲ. ಅವರು ಬಂದರೆ ಊರಿಗೆ ಕಳೆ, ಅಂಗಡಿಗಳಿಗೆ ವ್ಯಾಪಾರ. ಆದರೆ ಗಬ್ಬೂರಿನಿಂದ, ಕಲ್ಲೂರಿನಿಂದ ಬೆಳಗಿನ ಬಸ್ಸಿಗೆ ಜೋತುಬಿದ್ದು ಪಿಯುಸಿ ಸೈನ್ಸ್ ಓದಲು ಬರುವ ಹುಡುಗ, ಕೋಟಾ, ಹೈದರಾಬಾದಿನಲ್ಲಿ ಲಕ್ಷ ಸುರಿದು ಕೋಚಿಂಗ್ ಪಡೆದವನ ಜೊತೆ ಒಂದೇ ಗೆರೆಯಲ್ಲಿ ನಿಂತು ಓಡಬೇಕು ಅಂದ್ರ ಹೆಂಗ್ರಿ? ದೇವದುರ್ಗ ರಾಜ್ಯದ ಅತಿ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿದೆ ಎಂದು ಅದೇ ನಂಜುಂಡಪ್ಪನವರು ಬರೆದಿಟ್ಟು ಹೋಗಿದ್ದಾರೆ.

ಕೇಂದ್ರ ಸರ್ಕಾರ ಚಿಪ್ಸ್ ಟು ಸ್ಟಾರ್ಟಪ್ ಎಂಬ ಯೋಜನೆಯಲ್ಲಿ, ಬೆಂಗಳೂರಿನ ಸಿ-ಡ್ಯಾಕ್ ಮೂಲಕ, ಚಿಪ್ ವಿನ್ಯಾಸದ ದುಬಾರಿ ಸಾಫ್ಟ್‌ವೇರನ್ನು ಕಾಲೇಜುಗಳಿಗೆ ಒದಗಿಸುತ್ತಿದೆ. ಜಿಲ್ಲೆಯ ಎಷ್ಟು ಕಾಲೇಜುಗಳು ಅರ್ಜಿ ಹಾಕಿವೆ, ಎಷ್ಟಕ್ಕೆ ಸಿಕ್ಕಿದೆ ಎಂಬುದನ್ನು ಉಸ್ತುವಾರಿ ಮಂತ್ರಿಗಳು ಹೇಳಲಿ. ಐಐಐಟಿಯ ಪ್ರಯೋಗಾಲಯದ ಬಾಗಿಲನ್ನು ಮಾನ್ವಿ, ದೇವದುರ್ಗದ ಪಿಯು ಮಕ್ಕಳಿಗೆ ರಜಾ ದಿನಗಳಲ್ಲಾದರೂ ತೆರೆಯಲಿ. ಎರಡೂ ತಾಲೂಕು ಕೇಂದ್ರಗಳಲ್ಲಿ ಸರ್ಕಾರಿ ಖರ್ಚಿನಲ್ಲಿ, ಕನ್ನಡದಲ್ಲೇ ವಿವರಿಸುವ ಜೆಇಇ ಪಾಠ ಶುರುವಾಗಲಿ. ದುಡ್ಡಿಲ್ಲ ಎನ್ನುವ ಹಾಗಿಲ್ಲ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ 2023-24ರ ಬಜೆಟ್ಟಿನಲ್ಲೇ 5 ಸಾವಿರ ಕೋಟಿ ಎಂದು ಸಾರಿದ್ದರು. ಮಂಡಳಿಯ ಮುಂದಿನ ಸಭೆಯ ಅಜೆಂಡಾದಲ್ಲಿ ಇದೊಂದು ಸಾಲು ಸೇರಿಸಲು ಜಿಲ್ಲೆಯ ಶಾಸಕರು ಬೆಂಗಳೂರಿನವರೆಗೆ ಹೋಗಬೇಕಾಗಿಯೂ ಇಲ್ಲ. ಕಚೇರಿ ಕಲಬುರಗಿಯಲ್ಲೇ ಐತಿ.