ಕತ್ತರಿ ಮತ್ತು ಇಸವಿ

ಸಂಪಗಾಂವದ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ಸಾರ್ವಜನಿಕ ಸಂಪರ್ಕದ ಕಚೇರಿಯೊಂದರಲ್ಲಿ ಸಹಾಯಕನ ಕೆಲಸ ದೊರೆಯಿತು. ಮಂತ್ರಿಗಳ ಸಹವಾಸ, ಪತ್ರಕರ್ತರ ಗೋಷ್ಠಿ ಎಂದೆಲ್ಲ ಕನಸು ಕಂಡಿದ್ದ ಮಹಾಶಯ, ತಿಂಗಳಾದ ಮೇಲೆ ಮನೆಗೆ ಬಂದು, "ಸರ, ದಿನಾ ಪೇಪರ ಕತ್ತರಿಸಿ ಅಂಟಿಸೂದ ಆಗೇತ್ರಿ" ಎಂದ. ಮುಂಜಾನೆ ಪತ್ರಿಕೆಯ ತುಣುಕುಗಳು, ಮಧ್ಯಾಹ್ನ ಆವಕ-ಜಾವಕದ ದಾಖಲೆ, ಸಂಜೆ ಆಮಂತ್ರಣದ ಲಕೋಟೆಗಳ ಮೇಲೆ ವಿಳಾಸ. ನಗು ಬಂದರೂ ತಡೆದುಕೊಂಡೆ.

ಅವನ ನಿಜವಾದ ಸಂಕಟ ಬೇರೆಯೇ ಇತ್ತು. ಕಿತ್ತೂರು ಉತ್ಸವದ ಪ್ರಕಟಣೆಯ ಕರಡಿನಲ್ಲಿ, 1824ರ ಅಕ್ಟೋಬರ್ 23ರಂದು ಥ್ಯಾಕರೆ ಮಡಿದ ಕಾಳಗವೂ ರಾಣಿ ಚೆನ್ನಮ್ಮನ ಮರಣವೂ ಒಂದೇ ವರ್ಷದಲ್ಲಿ ನಡೆದಂತೆ ಬರೆದಿತ್ತು. ಆ ಡಿಸೆಂಬರಿನಲ್ಲಿ ಕೋಟೆ ಬಿದ್ದು, ಸೆರೆಯಾದ ರಾಣಿ ತೀರಿಕೊಂಡದ್ದು 1829ರಲ್ಲಿ, ಬೈಲಹೊಂಗಲದಲ್ಲಿ. ಸಮಾಧಿಯೂ ಅಲ್ಲಿಯೇ, ಇವನ ಊರಿನ ನೆರೆಯಲ್ಲಿ. ಆದರೆ ಕರಡು ಬರೆದವರು ಮೇಲಧಿಕಾರಿಗಳು. ಇವನ ನೌಕರಿಯೋ ಇನ್ನೂ ಕಾಯಮಾಗಿರಲಿಲ್ಲ. ಬಾಯಿ ತೆರೆಯುವುದು ಹೇಗೆ?

"ತಪ್ಪೆಂದು ಹೇಳಲೇಬೇಡಪ್ಪಾ. ಇಸವಿಯ ಬದಿಗೆ ಪೆನ್ಸಿಲಿನಿಂದ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ, ಆಧಾರದ ಪುಸ್ತಕವನ್ನು ಜೊತೆಗಿಟ್ಟು ಬಾ" ಎಂದೆ.

ವಾರದ ಮೇಲೆ ಕಾಗದ ಬಂತು. ಪ್ರಕಟಣೆ ತಿದ್ದಿಕೊಂಡು ಹೊರಟಿತ್ತು. ಸಾಹೇಬರು ಏನೂ ಅನ್ನಲಿಲ್ಲವಂತೆ. ಈಗ ಕರಡುಗಳೆಲ್ಲ ಮೊದಲು ಇವನ ಮೇಜಿಗೆ ಬರುತ್ತಿವೆ. ಕತ್ತರಿಯ ಕೆಲಸ ಮಾತ್ರ ತಪ್ಪಿಲ್ಲ.